ಗರ್ಭಕೋಶದ ಕ್ಯಾನ್ಸರ್: ಹಿಂದೆ ಎಲ್ಲರಿಗೂ ಕೊಡುತ್ತಿದ್ದ ‘ಕರೆಂಟ್’ ಈಗ ಕೆಲವರಿಗೆ ಏಕೆ ಬೇಡವೆನ್ನುತ್ತಾರೆ?

ಕೃಷ್ಣಾತೀರ, ಜಮಖಂಡಿ

ನಮ್ಮ ಅತ್ತೆಯವರಿಗೆ ಅರವತ್ತು ದಾಟಿದೆ. ಮುಟ್ಟು ನಿಂತು ಎಷ್ಟೋ ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತು. ಬಯಾಪ್ಸಿ ಮಾಡಿಸಿದಾಗ ಗರ್ಭಕೋಶದ ಒಳಪದರದ ಕ್ಯಾನ್ಸರ್, ಗ್ರೇಡ್ 1 (ಅಂದರೆ ಕಡಿಮೆ ಉಗ್ರತೆಯದು) ಎಂದು ವರದಿ ಬಂತು. ಎಂಆರ್‌ಐ ಪ್ರಕಾರ ಗಡ್ಡೆ ಗರ್ಭಕೋಶದ ಗೋಡೆಯಲ್ಲಿ ಅರ್ಧಕ್ಕಿಂತ ಕಡಿಮೆ ಆಳಕ್ಕೆ ಇಳಿದಿದೆ. ಬೆಳಗಾವಿಯಲ್ಲಿ ನಾವು ಕಂಡ ವೈದ್ಯರು ಸಣ್ಣ ರಂಧ್ರಗಳ ಮೂಲಕ ಮಾಡುವ ಕೀಹೋಲ್ ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯುವುದಾಗಿ ಹೇಳಿದ್ದಾರೆ. ಅಂತಿಮ ವರದಿ ಇದೇ ರೀತಿ ಬಂದರೆ ಕರೆಂಟೂ, ಅಂದರೆ ವಿಕಿರಣ ಚಿಕಿತ್ಸೆಯೂ ಬೇಡ, ಕಿಮೊ ಕೂಡ ಬೇಡ ಎಂದಿದ್ದಾರೆ.

ಮನೆಯ ಹಿರಿಯರು ಇದನ್ನು ಒಪ್ಪುತ್ತಿಲ್ಲ. ಅತ್ತೆಯವರ ದೊಡ್ಡಮ್ಮನಿಗೆ 1970ರ ದಶಕದಲ್ಲಿ ಇದೇ ಕಾಯಿಲೆ ಬಂದಾಗ ಮಿರಜಿಗೆ ಕರೆದೊಯ್ದು, ಮೊದಲು ಒಳಗೆ ರೇಡಿಯಂ ಇಟ್ಟು, ತಿಂಗಳು ಕಳೆದ ಮೇಲೆ ಹೊಟ್ಟೆ ಕೊಯ್ದು ಗರ್ಭಚೀಲ ತೆಗೆದಿದ್ದರಂತೆ. ಅವರು ಆಮೇಲೆ ಬಹಳ ವರ್ಷ ಬದುಕಿದ್ದರು. ‘ಆಗಿನ ಕಾಲದಲ್ಲೇ ಅಷ್ಟು ಮಾಡಿದ್ದರು, ಈಗ ಇಷ್ಟಕ್ಕೇ ಬಿಡುತ್ತಾರೆಂದರೆ ಏನೋ ಕಡಿಮೆಯಾಗುತ್ತಿದೆ’ ಎಂಬುದು ಮಾವನವರ ವಾದ. ಚಿಕಿತ್ಸೆ ನಿಜವಾಗಿಯೂ ಇಷ್ಟು ಬದಲಾಗಿದೆಯೇ? ಬದಲಾಗಿದ್ದರೆ ಏಕೆ ಎಂಬುದನ್ನು ಬಲ್ಲವರು ತಿಳಿಸಿದರೆ ಮನೆಯಲ್ಲಿ ವಿವರಿಸಲು ಅನುಕೂಲವಾಗುತ್ತದೆ.

ನಿವೃತ್ತ ಸ್ತ್ರೀರೋಗತಜ್ಞೆ, ವಿಜಯಪುರ

ನಿಮ್ಮ ಅತ್ತೆಯವರ ಚಿಕಿತ್ಸೆಯನ್ನು ನಿರ್ಧರಿಸಬೇಕಾದವರು ಅವರನ್ನು ಪರೀಕ್ಷಿಸಿದ ವೈದ್ಯರೇ ಹೊರತು ನಾವಲ್ಲ. ಆದರೆ ದೊಡ್ಡಮ್ಮನವರಿಗೆ ಅಂದು ಕೊಟ್ಟ ಚಿಕಿತ್ಸೆಯೂ ಇಂದು ಸೂಚಿಸಿರುವ ಚಿಕಿತ್ಸೆಯೂ ಆಯಾ ಕಾಲದ ತಿಳಿವಳಿಕೆಗೆ ಸರಿಯಾಗಿಯೇ ಇವೆ ಎಂದು ಧೈರ್ಯವಾಗಿ ಹೇಳಬಲ್ಲೆ. ಈ ಎರಡರ ನಡುವಿನ ದಾರಿಯನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆಯುವುದೆಂದರೆ ಬಹುಮಟ್ಟಿಗೆ ಸಾವೇ ಆಗಿತ್ತು. 1843ರಲ್ಲಿ ಮ್ಯಾಂಚೆಸ್ಟರ್‌ನ ಚಾರ್ಲ್ಸ್ ಕ್ಲೇ ಅದನ್ನು ಮಾಡಿದಾಗ ರೋಗಿ ಉಳಿಯಲಿಲ್ಲ. 1853ರಲ್ಲಿ ಅಮೆರಿಕದ ವಾಲ್ಟರ್ ಬರ್ನಮ್ ಶಸ್ತ್ರಚಿಕಿತ್ಸೆ ಮಾಡಿದ ಮಹಿಳೆ ಬದುಕಿದಳು, ಆದರೆ ಅದು ಅಂಡಾಶಯದ ಗಡ್ಡೆಯೆಂದು ತಿಳಿದು ಹೊಟ್ಟೆ ತೆರೆದಾಗ ಅನಿವಾರ್ಯವಾಗಿ ಮಾಡಿದ ಕೆಲಸ. ಅರಿವಳಿಕೆ ಬಂದು, ಬ್ರಿಟನ್ನಿನ ಶಸ್ತ್ರವೈದ್ಯ ಲಿಸ್ಟರ್‌ನ ಕ್ರಿಮಿನಾಶಕ ಪದ್ಧತಿ ಬಳಕೆಗೆ ಬಂದ ಮೇಲೆ, 1878ರಲ್ಲಿ ಜರ್ಮನಿಯ ಫ್ರಾಯಿಂಡ್ ಕ್ಯಾನ್ಸರ್‌ಗಾಗಿಯೇ ಯೋಜಿಸಿ ಗರ್ಭಕೋಶವನ್ನು ತೆಗೆದ. ಅಲ್ಲಿಂದ ಇಲ್ಲಿಯವರೆಗೆ, ಒಳಪದರದ ಕ್ಯಾನ್ಸರ್‌ಗೆ ಮೂಲ ಚಿಕಿತ್ಸೆ ಎಂದರೆ ಗರ್ಭಕೋಶ, ಅಂಡನಾಳ ಮತ್ತು ಅಂಡಾಶಯಗಳನ್ನು ತೆಗೆಯುವುದೇ. ಈ ತಿರುಳು ನೂರು ವರ್ಷಗಳಿಗೂ ಹೆಚ್ಚು ಕಾಲ ಬದಲಾಗಿಲ್ಲ. ಬದಲಾಗಿರುವುದು ಅದರ ಹಿಂದೆ ಮುಂದೆ ಏನನ್ನು ಸೇರಿಸಬೇಕು, ಯಾರಿಗೆ ಸೇರಿಸಬೇಕು ಎಂಬುದು. ನಿಮ್ಮ ಮಾವನವರ ಪ್ರಶ್ನೆ ಇರುವುದೂ ಅಲ್ಲಿಯೇ.

ಕ್ಯೂರಿ ದಂಪತಿ 1898ರಲ್ಲಿ ರೇಡಿಯಂ ಕಂಡುಹಿಡಿದ ಕೆಲವೇ ವರ್ಷಗಳಲ್ಲಿ ಅದು ಸ್ತ್ರೀರೋಗ ಚಿಕಿತ್ಸೆಯೊಳಗೆ ಬಂತು. ಗರ್ಭಕೋಶ ಅದಕ್ಕೆ ಹೇಳಿ ಮಾಡಿಸಿದ ಅಂಗ. ಒಳಗೆ ಸಹಜವಾದ ಪೊಳ್ಳು ಇರುವುದರಿಂದ ವಿಕಿರಣದ ಮೂಲವನ್ನು ಗಡ್ಡೆಯ ಮಗ್ಗುಲಲ್ಲೇ ಇಡಬಹುದು. ಆದರೆ ಒಂದೇ ಕೊಳವೆಯನ್ನು ನಡುವೆ ಇಟ್ಟರೆ ಹಿಗ್ಗಿದ ಗರ್ಭಕೋಶದ ಮೂಲೆಗಳಿಗೆ ವಿಕಿರಣ ಸಾಲುತ್ತಿರಲಿಲ್ಲ. 1930ರ ದಶಕದಲ್ಲಿ ಸ್ಟಾಕ್‌ಹೋಮ್‌ನ ಜೇಮ್ಸ್ ಹೇಮನ್ ಇದಕ್ಕೊಂದು ಉಪಾಯ ಮಾಡಿದ. ಚೀಲಕ್ಕೆ ಜೋಳ ತುಂಬಿದ ಹಾಗೆ, ರೇಡಿಯಂ ಇರುವ ಚಿಕ್ಕ ಚಿಕ್ಕ ಗುಳಿಗೆಗಳನ್ನು ಒಂದರ ಪಕ್ಕ ಒಂದು ತುರುಕಿ ಇಡೀ ಪೊಳ್ಳನ್ನು ತುಂಬಿಸುವುದೇ ಆ ಪದ್ಧತಿ. ಶಸ್ತ್ರಚಿಕಿತ್ಸೆಯ ವೇಳೆ ಗಡ್ಡೆಯನ್ನು ಮುಟ್ಟಿದಾಗ ಕ್ಯಾನ್ಸರ್ ಕಣಗಳು ಯೋನಿಯ ಮೇಲ್ಭಾಗಕ್ಕೆ ಉದುರಿ ಅಲ್ಲಿ ಮತ್ತೆ ಬೆಳೆಯುತ್ತವೆ ಎಂಬ ಭಯವಿದ್ದುದರಿಂದ, ಮೊದಲು ರೇಡಿಯಂನಿಂದ ಅವುಗಳನ್ನು ಸುಟ್ಟು, ನಾಲ್ಕರಿಂದ ಆರು ವಾರ ಬಿಟ್ಟು ಗರ್ಭಕೋಶ ತೆಗೆಯುವುದು ಜಗತ್ತಿನ ಬಹುಭಾಗದಲ್ಲಿ ರೂಢಿಯಾಯಿತು. ದೊಡ್ಡಮ್ಮನವರಿಗೆ ಆದದ್ದು ಇದೇ ಕ್ರಮದ ಚಿಕಿತ್ಸೆ.

ಅದರ ದೊಡ್ಡ ಕೊರತೆಯನ್ನು ವೈದ್ಯರು ತಡವಾಗಿ ಗುರುತಿಸಿದರು. ವಿಕಿರಣದಲ್ಲಿ ಬೆಂದ ಗರ್ಭಕೋಶವನ್ನು ವಾರಗಳ ನಂತರ ತೆಗೆದು ಪರೀಕ್ಷಿಸಿದರೆ ಗಡ್ಡೆ ಮೊದಲು ಎಷ್ಟು ಆಳಕ್ಕೆ ಇಳಿದಿತ್ತು ಎಂಬುದೇ ತಿಳಿಯುತ್ತಿರಲಿಲ್ಲ. ಹಾಗಾಗಿ ಯಾರಿಗೆ ಅಪಾಯ ಹೆಚ್ಚು, ಯಾರಿಗೆ ಕಡಿಮೆ ಎಂದು ಬೇರ್ಪಡಿಸುವ ದಾರಿಯೇ ಮುಚ್ಚಿಹೋಗುತ್ತಿತ್ತು; ಎಲ್ಲರಿಗೂ ಎಲ್ಲವನ್ನೂ ಕೊಡಬೇಕಾಗುತ್ತಿತ್ತು. ಹೀಗಾಗಿ ದೊಡ್ಡಮ್ಮನವರು ಬದುಕಿದ್ದು ರೇಡಿಯಂನಿಂದಲೋ ಬರೀ ಶಸ್ತ್ರಚಿಕಿತ್ಸೆಯಿಂದಲೋ ಎಂದು ಈಗ ಯಾರೂ ಹೇಳಲಾರರು.

ಮುಂದೆ ಕ್ರಮ ತಿರುಗಿತು: ಮೊದಲು ಶಸ್ತ್ರಚಿಕಿತ್ಸೆ, ಆಮೇಲೆ ವರದಿ, ಆ ವರದಿಯ ಮೇಲೆ ಮುಂದಿನ ತೀರ್ಮಾನ. ಅಮೆರಿಕದಲ್ಲಿ 621 ಮಹಿಳೆಯರ ಮೇಲೆ ನಡೆದು 1987ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೊರಗಿನ ಪರೀಕ್ಷೆಯಲ್ಲಿ ಮೊದಲ ಹಂತವೆಂದು ಕಂಡವರಲ್ಲಿ ಶೇ. 22ರಷ್ಟು ಮಂದಿಗೆ ಕಾಯಿಲೆ ಗರ್ಭಕೋಶದ ಹೊರಗೂ ಹೋಗಿತ್ತು ಎಂದು ತೋರಿಸಿತು. ಮರುವರ್ಷವೇ, ಅಂದರೆ 1988ರಲ್ಲಿ, ಸ್ತ್ರೀರೋಗತಜ್ಞರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಗೊ ಈ ಕಾಯಿಲೆಯ ಹಂತವನ್ನು ಶಸ್ತ್ರಚಿಕಿತ್ಸೆಯ ನಂತರವೇ ನಿರ್ಧರಿಸಬೇಕೆಂದು ನಿಯಮ ಮಾಡಿತು.

ಅಥಣಿಯವ

ಇಷ್ಟು ವಿವರವಾಗಿ ಬರೆದುದಕ್ಕೆ ಧನ್ಯವಾದಗಳು. ಆದರೂ ನನ್ನದೊಂದು ಅನುಮಾನವಿದೆ. ಶೇ. 22ರಷ್ಟು ಮಂದಿಗೆ ಕಾಯಿಲೆ ಹೊರಗೆ ಹೋಗಿರುವ ಸಾಧ್ಯತೆ ಇದೆ ಎಂದಾದರೆ, ಜಾಗ್ರತೆಗಾಗಿ ಎಲ್ಲರಿಗೂ ವಿಕಿರಣ ಕೊಟ್ಟರೆ ತಪ್ಪೇನು? ಸರ್ಕಾರಿ ಯೋಜನೆಯ ಪ್ಯಾಕೇಜಿನಲ್ಲಿ ಹಣ ಸಾಲದು ಎಂಬ ಕಾರಣಕ್ಕೆ ಚಿಕಿತ್ಸೆಯನ್ನು ಮೊಟಕುಗೊಳಿಸುತ್ತಾರೆಂದು ನಮ್ಮ ಕಡೆ ಜನ ಮಾತನಾಡುತ್ತಾರೆ. ಈ ಅನುಮಾನವನ್ನು ಸುಮ್ಮನೆ ತಳ್ಳಿಹಾಕಬೇಡಿ.

ಕಿರಣಶಾಲೆ, ಬೆಳಗಾವಿ

ನಾನು ವಿಕಿರಣ ಚಿಕಿತ್ಸಾ ವಿಭಾಗದಲ್ಲಿ ತಂತ್ರಜ್ಞನಾಗಿ ಕೆಲಸ ಮಾಡುತ್ತೇನೆ. ಅನುಮಾನ ಸಹಜವೇ, ಆದರೆ ಈ ಪ್ರಶ್ನೆಗೆ ಉತ್ತರ ಬಂದದ್ದು ನಮ್ಮ ದೇಶದ ಯಾವ ಪ್ಯಾಕೇಜಿನಿಂದಲೂ ಅಲ್ಲ, ನೆದರ್ಲೆಂಡ್ಸ್‌ನಿಂದ. ಅಲ್ಲಿ ಚಿಕಿತ್ಸೆಯ ಖರ್ಚು ರೋಗಿಯ ತಲೆಯ ಮೇಲೆ ಬೀಳುವುದಿಲ್ಲ, ಆದ್ದರಿಂದ ಉಳಿಸುವ ಆಸೆಯಿಂದ ಮಾಡಿದ ಸಂಶೋಧನೆ ಎನ್ನಲು ಬರುವುದಿಲ್ಲ.

ಪೋರ್ಟೆಕ್ ಎಂಬ ಹೆಸರಿನ ಆ ಅಧ್ಯಯನದ ಫಲಿತಾಂಶ 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮೊದಲ ಹಂತದ, ಮಧ್ಯಮ ಅಪಾಯದ 700ಕ್ಕೂ ಹೆಚ್ಚು ಮಹಿಳೆಯರನ್ನು ಶಸ್ತ್ರಚಿಕಿತ್ಸೆಯ ನಂತರ ಚೀಟಿ ಎತ್ತಿದ ರೀತಿಯಲ್ಲಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೊರಗಿನಿಂದ 46 ಗ್ರೇ (ವಿಕಿರಣದ ಅಳತೆ) ವಿಕಿರಣ ಕೊಟ್ಟರು, ಇನ್ನೊಂದಕ್ಕೆ ಏನೂ ಕೊಡಲಿಲ್ಲ. ಐದು ವರ್ಷಗಳಲ್ಲಿ ಕಿಬ್ಬೊಟ್ಟೆಯಲ್ಲಿ ಕಾಯಿಲೆ ಮರುಕಳಿಸಿದ್ದು ವಿಕಿರಣ ಪಡೆದವರಲ್ಲಿ ಶೇ. 4, ಪಡೆಯದವರಲ್ಲಿ ಶೇ. 14. ಇಲ್ಲಿಗೆ ನಿಲ್ಲಿಸಿದರೆ ಎಲ್ಲರಿಗೂ ಕೊಡಬೇಕು ಎನ್ನಿಸುತ್ತದೆ. ಆದರೆ ಬದುಕಿ ಉಳಿದವರ ಲೆಕ್ಕದಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸವೇ ಇರಲಿಲ್ಲ; ವಿಕಿರಣ ಪಡೆದವರಲ್ಲಿ ಶೇ. 81, ಪಡೆಯದವರಲ್ಲಿ ಶೇ. 85. ಕಾರಣವೇನೆಂದರೆ, ಮರುಕಳಿಸಿದ ಕಾಯಿಲೆ ಹೆಚ್ಚಾಗಿ ಯೋನಿಯ ಮೇಲ್ತುದಿಯಲ್ಲಿ ಬರುತ್ತಿತ್ತು, ಮೊದಲು ವಿಕಿರಣ ಪಡೆಯದವರಲ್ಲಿ ಅದನ್ನು ಆಗ ವಿಕಿರಣ ಕೊಟ್ಟೇ ಬಹುಪಾಲು ಗುಣಪಡಿಸಲು ಸಾಧ್ಯವಿತ್ತು. ಅಂದರೆ ಕೆಲವರಿಗೆ ಬೇಕಾದದ್ದನ್ನು ಎಲ್ಲರಿಗೂ ಕೊಟ್ಟು, ಎಲ್ಲರ ಕರುಳು ಮತ್ತು ಮೂತ್ರಕೋಶಗಳನ್ನು ನೋಯಿಸುತ್ತಿದ್ದೆವು.

ಮುಂದಿನ ಪ್ರಶ್ನೆ ಸಹಜವಾಗಿ ಹುಟ್ಟಿತು. ಕಾಯಿಲೆ ಮರಳುವುದು ಯೋನಿಯ ಮೇಲ್ತುದಿಯಲ್ಲೇ ಎಂದಾದರೆ ಇಡೀ ಕಿಬ್ಬೊಟ್ಟೆಗೆ ಐದು ವಾರ ಏಕೆ ವಿಕಿರಣ ಕೊಡಬೇಕು? 2010ರಲ್ಲಿ ಬಂದ ಎರಡನೆಯ ಪೋರ್ಟೆಕ್ ಅಧ್ಯಯನ 427 ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿತು. ಒಳಗಿನಿಂದ, ಬ್ರೇಕಿಥೆರಪಿಯ ಮೂಲಕ, ಕೆಲವೇ ಭೇಟಿಗಳಲ್ಲಿ ಕೊಟ್ಟ ವಿಕಿರಣ ಆ ಜಾಗದಲ್ಲಿ ಕಾಯಿಲೆಯನ್ನು ಅಷ್ಟೇ ಚೆನ್ನಾಗಿ ತಡೆಯಿತು; ಮರುಕಳಿಸಿದ್ದು ಎರಡೂ ಗುಂಪುಗಳಲ್ಲಿ ಶೇ. 2ಕ್ಕಿಂತ ಕಡಿಮೆ. ಭೇದಿ, ಹೊಟ್ಟೆನೋವುಗಳ ತೊಂದರೆ ಬಹಳ ಕಡಿಮೆಯಾಯಿತು.

ಬ್ರೇಕಿಥೆರಪಿಯೂ ಹೇಮನ್‌ನ ಕಾಲದಂತೆ ಉಳಿದಿಲ್ಲ. ಆಗ ರೇಡಿಯಂ ಗುಳಿಗೆಯನ್ನು ವೈದ್ಯರೇ ಚಿಮಟದಿಂದ ಹಿಡಿದು ಇಡುತ್ತಿದ್ದರು, ದಾದಿಯರು ಅದೇ ಕೋಣೆಯಲ್ಲಿ ಆರೈಕೆ ಮಾಡುತ್ತಿದ್ದರು, ಎಲ್ಲರ ಮೈಗೂ ವಿಕಿರಣ ತಾಗುತ್ತಿತ್ತು. ಖಾಲಿ ಕೊಳವೆಯನ್ನು ಮೊದಲು ಇಟ್ಟು, ವಿಕಿರಣ ಮೂಲವನ್ನು ಆಮೇಲೆ ಯಂತ್ರದ ಮೂಲಕ ಕಳಿಸುವ ಪದ್ಧತಿ 1960ರ ದಶಕದಿಂದ ಹರಡಿತು. ಈಗ ಬಳಸುವ ಇರಿಡಿಯಂ-192ರ ಅರ್ಧಾಯುಷ್ಯ ಕೇವಲ 74 ದಿನ, ರೇಡಿಯಂನದು ಸುಮಾರು 1600 ವರ್ಷ. ಪ್ರತಿ ಸಲ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ರೋಗಿ ಅದೇ ದಿನ ಬಸ್ಸು ಹತ್ತಿ ಊರಿಗೆ ಹೋಗುತ್ತಾರೆ. ಇದನ್ನು ಕರೆಂಟ್ ಎಂದು ಕರೆಯುವುದರಿಂದ ಶಾಕ್ ಹೊಡೆಯುತ್ತದೆಂದು ಹೆದರಿ ಬರುವವರು ಇಂದಿಗೂ ಇದ್ದಾರೆ, ಅಂಥದ್ದೇನೂ ಆಗುವುದಿಲ್ಲ.

ಮಲಪ್ರಭಾ, ಸವದತ್ತಿ

ಮೇಲಿನ ಮಾತಿಗೆ ನಾನು ಸಾಕ್ಷಿ. ಈ ಅಧ್ಯಯನಗಳು ಬರುವ ಮುಂಚೆ, ನನಗೆ ನಲವತ್ತರ ಹರೆಯದಲ್ಲಿ ಇದೇ ಶಸ್ತ್ರಚಿಕಿತ್ಸೆಯಾಗಿ, ಹುಬ್ಬಳ್ಳಿಯಲ್ಲಿ ಕೋಣೆ ಹಿಡಿದುಕೊಂಡು ಹೊರಗಿನಿಂದ ಪೂರ್ತಿ ವಿಕಿರಣ ತೆಗೆದುಕೊಂಡೆ. ಕ್ಯಾನ್ಸರ್ ಮರಳಲಿಲ್ಲ. ಆದರೆ ಮಲದಲ್ಲಿ ರಕ್ತ ಹೋಗುವುದು, ಊಟವಾದ ಕೂಡಲೇ ಓಡಬೇಕಾಗುವುದು ವರ್ಷಗಟ್ಟಲೆ ಉಳಿಯಿತು. ಮದುವೆ, ಜಾತ್ರೆ, ಯಲ್ಲಮ್ಮನ ಗುಡ್ಡಕ್ಕೆ ಬರುವ ನೆಂಟರ ಜೊತೆ ಹತ್ತುವುದು, ಎಲ್ಲವನ್ನೂ ಶೌಚಾಲಯ ಎಲ್ಲಿದೆ ಎಂದು ನೋಡಿಕೊಂಡೇ ನಿರ್ಧರಿಸಬೇಕಾಯಿತು. ಇದರ ಜೊತೆಗೆ ನನ್ನ ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದಿದ್ದರಿಂದ ಎಡಗಾಲು ಬಾತುಕೊಂಡು, ಊರಿನಲ್ಲಿ ಅದನ್ನು ಆನೆಕಾಲು ರೋಗವೆಂದೇ ತಿಳಿದರು. ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ, ಅಂದು ಅದೇ ಸರಿಯಾಗಿತ್ತು. ಆದರೆ ಹೆಚ್ಚು ಚಿಕಿತ್ಸೆ ಎಂದರೆ ಒಳ್ಳೆಯ ಚಿಕಿತ್ಸೆ ಎಂದು ನಂಬುವ ಮಾವನವರಿಗೆ ಇದನ್ನು ಓದಿ ಹೇಳಿ. ಗ್ರಂಥಿ ತೆಗೆಯುವುದರಲ್ಲಿ ಈಗ ಏನು ಬದಲಾಗಿದೆ ಎಂದು ವೈದ್ಯರು ತಿಳಿಸಬೇಕಾಗಿ ವಿನಂತಿ.

ನಿವೃತ್ತ ಸ್ತ್ರೀರೋಗತಜ್ಞೆ, ವಿಜಯಪುರ

1988ರ ನಿಯಮದ ನಂತರ ಹಂತ ತಿಳಿಯುವ ಸಲುವಾಗಿ ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳನ್ನೆಲ್ಲ ತೆಗೆಯುವುದು ಎಲ್ಲೆಡೆ ಹೆಚ್ಚಾಯಿತು. ತೆಗೆದರೆ ರೋಗವೂ ಕಡಿಮೆಯಾಗುತ್ತದೆ ಎಂದು ನಾವೂ ನಂಬಿದ್ದೆವು. 2008ರಲ್ಲಿ ಇಟಲಿಯ 514 ಮಹಿಳೆಯರ ಅಧ್ಯಯನ, 2009ರಲ್ಲಿ ಬ್ರಿಟನ್ ನೇತೃತ್ವದಲ್ಲಿ ನಡೆದ 1408 ಮಹಿಳೆಯರ ಆಸ್ಟೆಕ್ ಅಧ್ಯಯನ, ಎರಡೂ ಒಂದೇ ಮಾತು ಹೇಳಿದವು: ಆರಂಭಿಕ ಹಂತದಲ್ಲಿ ಗ್ರಂಥಿಗಳನ್ನು ಪೂರ್ತಿ ತೆಗೆಯುವುದರಿಂದ ಆಯುಷ್ಯ ಹೆಚ್ಚುವುದಿಲ್ಲ, ಕಾಲು ಬಾವು ಮಾತ್ರ ಹೆಚ್ಚುತ್ತದೆ.

ಹಾಗೆಂದು ಗ್ರಂಥಿಗಳನ್ನು ನೋಡದೇ ಬಿಟ್ಟರೆ ಹಂತ ತಿಳಿಯುವುದಿಲ್ಲ. ಈ ಇಕ್ಕಟ್ಟಿಗೆ ಸಿಕ್ಕ ಪರಿಹಾರವೇ ಸೆಂಟಿನೆಲ್ ಗ್ರಂಥಿಯ ಪರೀಕ್ಷೆ. ಗರ್ಭಕಂಠಕ್ಕೆ ಇಂಡೊಸಯನೈನ್ ಗ್ರೀನ್ ಎಂಬ ಬಣ್ಣವನ್ನು ಚುಚ್ಚಿ, ವಿಶೇಷ ಕ್ಯಾಮೆರಾದಲ್ಲಿ ಅದು ಮೊದಲು ಹೋಗಿ ಸೇರುವ ಒಂದೆರಡು ಗ್ರಂಥಿಗಳನ್ನು ಗುರುತಿಸಿ ಅವನ್ನಷ್ಟೇ ತೆಗೆಯುತ್ತಾರೆ. 2017ರಲ್ಲಿ ಬಂದ ಫೈರ್ಸ್ ಅಧ್ಯಯನದ ಪ್ರಕಾರ, ಬಣ್ಣದ ಜಾಡು ಸರಿಯಾಗಿ ಸಿಕ್ಕವರಲ್ಲಿ ಈ ವಿಧಾನ ಗ್ರಂಥಿಗೆ ಹರಡಿದ ಕಾಯಿಲೆಯನ್ನು ಶೇ. 97ರಷ್ಟು ನಿಖರವಾಗಿ ಪತ್ತೆಹಚ್ಚಿತು. ಆ ಕ್ಯಾಮೆರಾ ಎಲ್ಲ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಕೃಷ್ಣಾತೀರ ಅವರು ಈ ಸೌಲಭ್ಯ ಇದೆಯೇ ಎಂದು ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳುವುದು ಒಳ್ಳೆಯದು.

ಅಥಣಿಯವ

ವಿಕಿರಣದ ವಿಷಯ ಒಪ್ಪಿದೆ. ಆದರೆ ಕೀಹೋಲ್ ವಿಧಾನದಲ್ಲಿ ಕ್ಯಾನ್ಸರ್ ಹರಡುತ್ತದೆ, ಅದರಿಂದ ಸತ್ತವರು ಹೆಚ್ಚು ಎಂದು ಎಲ್ಲೋ ಓದಿದ ನೆನಪು. ಅದು ಸುಳ್ಳೇ?

ನಿವೃತ್ತ ಸ್ತ್ರೀರೋಗತಜ್ಞೆ, ವಿಜಯಪುರ

ಸುಳ್ಳಲ್ಲ, ಆದರೆ ಅದು ಬೇರೆ ಕಾಯಿಲೆಯ ಮಾತು. ನಮ್ಮ ಭಾಗದಲ್ಲಿ ಹೆಚ್ಚಾಗಿ ಕಾಣುವುದು ಗರ್ಭಕೋಶದ ಬಾಯಿಯ, ಅಂದರೆ ಗರ್ಭಕಂಠದ ಕ್ಯಾನ್ಸರ್. ಅದು ಎಚ್‌ಪಿವಿ ವೈರಾಣುವಿನಿಂದ ಬರುತ್ತದೆ, ಅದಕ್ಕೆ ಲಸಿಕೆ ಇದೆ, ಅದರ ಚಿಕಿತ್ಸೆಯ ದಾರಿಯೇ ಬೇರೆ. 2018ರಲ್ಲಿ ಲ್ಯಾಕ್ ಎಂಬ ಅಧ್ಯಯನ, ಗರ್ಭಕಂಠದ ಕ್ಯಾನ್ಸರ್‌ಗೆ ಕೀಹೋಲ್ ವಿಧಾನ ಬಳಸಿದರೆ ಕಾಯಿಲೆ ಮರಳುವುದೂ ಸಾವೂ ಹೆಚ್ಚು ಎಂದು ತೋರಿಸಿದಾಗ ನಾವೆಲ್ಲ ಬೆಚ್ಚಿಬಿದ್ದೆವು. ಅಂದಿನಿಂದ ಆ ಕಾಯಿಲೆಗೆ ಮತ್ತೆ ಹೊಟ್ಟೆ ತೆರೆದು ಮಾಡುವುದೇ ಸಾಮಾನ್ಯ ಕ್ರಮವಾಯಿತು.

ಒಳಪದರದ ಕ್ಯಾನ್ಸರ್‌ನಲ್ಲಿ ಹಾಗಾಗಲಿಲ್ಲ. ಅಮೆರಿಕದಲ್ಲಿ 2600ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಲ್ಯಾಪ್-2 ಅಧ್ಯಯನದಲ್ಲಿ ಐದು ವರ್ಷ ಬದುಕಿದವರ ಪ್ರಮಾಣ ಎರಡೂ ವಿಧಾನಗಳಲ್ಲಿ ಶೇ. 89.8. 2017ರಲ್ಲಿ ಬಂದ ಆಸ್ಟ್ರೇಲಿಯಾ ನೇತೃತ್ವದ ಲೇಸ್ ಅಧ್ಯಯನದ ಫಲಿತಾಂಶವೂ ಇದೇ. ಈ ಕಾಯಿಲೆಯ ರೋಗಿಗಳಲ್ಲಿ ತೂಕ ಹೆಚ್ಚಿರುವವರು, ಸಕ್ಕರೆ ಕಾಯಿಲೆ ಇರುವವರು ಬಹಳ. ಅಂಥವರ ಹೊಟ್ಟೆಯ ದೊಡ್ಡ ಗಾಯ ಕೀವು ತುಂಬಿ ವಾರಗಟ್ಟಲೆ ಮಾಯದೆ ಇದ್ದುದನ್ನು ನನ್ನ ಸೇವಾವಧಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಅವರಿಗೆ ಸಣ್ಣ ರಂಧ್ರದ ಶಸ್ತ್ರಚಿಕಿತ್ಸೆ ದೊಡ್ಡ ಉಪಕಾರ.

ಒಂದು ಎಚ್ಚರಿಕೆ ಮಾತ್ರ ಇದೆ. ಗರ್ಭಕೋಶವನ್ನು ಇಡಿಯಾಗಿ ಹೊರತೆಗೆಯಬೇಕು, ಒಳಗೇ ಯಂತ್ರದಿಂದ ತುಂಡರಿಸಬಾರದು. ಕ್ಯಾನ್ಸರ್ ಅಲ್ಲದ ಫೈಬ್ರಾಯ್ಡ್ ಗಡ್ಡೆ ಎಂದು ತಿಳಿದು ಮಾರ್ಸಲೇಟರ್ ಯಂತ್ರದಿಂದ ಕತ್ತರಿಸಿದವುಗಳಲ್ಲಿ ಕೆಲವು ಅಸಲಿಗೆ ಸಾರ್ಕೋಮಾ ಎಂಬ ಅಪರೂಪದ, ಉಗ್ರ ಕ್ಯಾನ್ಸರ್ ಆಗಿದ್ದು, ತುಂಡುಗಳು ಹೊಟ್ಟೆಯ ತುಂಬ ಹರಡಿದ ಪ್ರಕರಣಗಳ ನಂತರ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಆ ಯಂತ್ರದ ಬಳಕೆಯ ವಿರುದ್ಧ ಎಚ್ಚರಿಸಿತು. ಫೈಬ್ರಾಯ್ಡ್‌ಗೆಂದು ಶಸ್ತ್ರಚಿಕಿತ್ಸೆಯಾಗುವ ಸುಮಾರು 350 ಮಹಿಳೆಯರಲ್ಲಿ ಒಬ್ಬರಿಗೆ ಇಂಥ ಗುಪ್ತ ಸಾರ್ಕೋಮಾ ಇರಬಹುದೆಂದು ಅದು ಅಂದಾಜಿಸಿತ್ತು.

ಇಂಡಿಯ ಲಿಂಬೆ, ಇಂಡಿ ತಾಲ್ಲೂಕು

ನಾನು ಆರೋಗ್ಯ ಕಾರ್ಯಕರ್ತೆ. ನಮ್ಮ ಹಳ್ಳಿಗಳಿಂದ ಕಬ್ಬು ಕಡಿಯಲು ಹೋಗುವ ಮಹಿಳೆಯರಲ್ಲಿ ಮೂವತ್ತು, ಮೂವತ್ತೈದಕ್ಕೇ ಗರ್ಭಚೀಲ ತೆಗೆಸಿಕೊಂಡವರನ್ನು ನಾನು ಕಾಣುತ್ತಿರುತ್ತೇನೆ. ಬಿಳಿಮುಟ್ಟು, ಹೆಚ್ಚು ರಕ್ತಸ್ರಾವ ಎಂದು ಹೋದವರಿಗೆ ‘ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸಿ ತೆಗೆಸುತ್ತಾರೆ. ಮಹಾರಾಷ್ಟ್ರದ ಬೀಡ್, ನಮ್ಮದೇ ಕಲಬುರಗಿಯ ಪ್ರಕರಣಗಳು ಪತ್ರಿಕೆಗಳಲ್ಲಿ ಬಂದಿದ್ದವು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿಗೊಳಿಸಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು.

ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಕ್ಯಾನ್ಸರ್ ಇಲ್ಲದವರಿಗೆ ಕ್ಯಾನ್ಸರ್ ಹೆಸರಿನಲ್ಲಿ ಶಸ್ತ್ರಚಿಕಿತ್ಸೆ ಆಗುತ್ತಿದ್ದರೆ, ಮುಟ್ಟು ನಿಂತ ಮೇಲೆ ರಕ್ತ ಕಂಡ ಅಜ್ಜಿಯರನ್ನು ಮಾತ್ರ ‘ಉಷ್ಣ ಆಗಿದೆ’ ಎಂದು ಮನೆಯಲ್ಲೇ ಕೂರಿಸುತ್ತಾರೆ. ತೆಗೆದ ಚೀಲವನ್ನು ಪರೀಕ್ಷೆಗೆ ಕಳಿಸದೆ ಬಿಸಾಡಿದ್ದೂ ಉಂಟು. ಎಳೆಯ ಹೆಂಗಸರಿಗೆ ನಿಜವಾಗಿಯೇ ಈ ಕ್ಯಾನ್ಸರ್ ಬಂದರೆ ಚೀಲ ತೆಗೆಯದೆ ಗುಣಪಡಿಸಲು ದಾರಿ ಇದೆಯೇ?

ನಿವೃತ್ತ ಸ್ತ್ರೀರೋಗತಜ್ಞೆ, ವಿಜಯಪುರ

ಸೀಮಿತ ದಾರಿ ಇದೆ. ಈ ಕ್ಯಾನ್ಸರ್‌ನ ಸಾಮಾನ್ಯ ಬಗೆಯನ್ನು ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನ್ ಪೋಷಿಸುತ್ತದೆ, ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ತಡೆಯುತ್ತದೆ. ಪ್ರೊಜೆಸ್ಟರಾನ್ ಜಾತಿಯ ಔಷಧ ಕೊಟ್ಟಾಗ, ಹರಡಿದ ಕಾಯಿಲೆಯೂ ಕೆಲವರಲ್ಲಿ ಕುಗ್ಗುತ್ತದೆ ಎಂದು ಕೆಲಿ ಮತ್ತು ಬೇಕರ್ 1961ರಲ್ಲೇ ವರದಿ ಮಾಡಿದ್ದರು. ಇನ್ನೊಂದು ದಿಕ್ಕಿನಿಂದಲೂ ಸಾಕ್ಷ್ಯ ಬಂತು: ಮುಟ್ಟು ನಿಂತವರಿಗೆ ಬರೀ ಈಸ್ಟ್ರೊಜೆನ್ ಮಾತ್ರೆ ಕೊಡುವುದರಿಂದ ಈ ಕ್ಯಾನ್ಸರ್ ಹೆಚ್ಚುತ್ತದೆ ಎಂದು 1975ರಲ್ಲಿ ಅಮೆರಿಕದ ಎರಡು ಅಧ್ಯಯನಗಳು ತೋರಿಸಿದವು. ಹಾಗಾಗಿ ಇನ್ನೂ ಮಕ್ಕಳಾಗಬೇಕಾದ, ಗ್ರೇಡ್ 1ರ, ಸ್ನಾಯುವಿಗೆ ಇಳಿಯದ ಕಾಯಿಲೆ ಇರುವ ಎಳೆಯರಿಗೆ ಪ್ರೊಜೆಸ್ಟರಾನ್ ಮಾತ್ರೆ ಕೊಟ್ಟು ಅಥವಾ ಹಾರ್ಮೋನ್ ಸೂಸುವ ವಂಕಿಯನ್ನು (ಕಾಪರ್-ಟಿಯಂಥ ಸಾಧನ) ಗರ್ಭಕೋಶದೊಳಗೆ ಇಟ್ಟು, ಕೆಲವು ತಿಂಗಳಿಗೊಮ್ಮೆ ಬಯಾಪ್ಸಿ ಮಾಡುತ್ತ ಕಾಯಬಹುದು. ಬಹಳ ಮಂದಿಯಲ್ಲಿ ಕಾಯಿಲೆ ಮಾಯವಾಗುತ್ತದೆ, ಸಾಕಷ್ಟು ಮಂದಿಯಲ್ಲಿ ಮರಳುತ್ತದೆ. ಆದ್ದರಿಂದ ಹೆರಿಗೆ ಮುಗಿದ ಮೇಲೆ ಗರ್ಭಕೋಶ ತೆಗೆಸಲು ಹೇಳುತ್ತೇವೆ.

ರೋಗಪತ್ತೆಯ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ನಿಜ. ಈ ಕ್ಯಾನ್ಸರ್ ಬಂದ ಮುಟ್ಟು ನಿಂತ ಹತ್ತು ಮಹಿಳೆಯರಲ್ಲಿ ಸುಮಾರು ಒಂಬತ್ತು ಮಂದಿಗೆ ರಕ್ತಸ್ರಾವವೇ ಸುಳಿವು ಕೊಡುತ್ತದೆ. ಹಿಂದೆ ಅರಿವಳಿಕೆ ಕೊಟ್ಟು ಒಳಪದರವನ್ನು ಕೆರೆದು ತೆಗೆಯಬೇಕಿತ್ತು. ಈಗ ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್‌ನಲ್ಲಿ ಒಳಪದರ 4 ಮಿಲಿಮೀಟರ್‌ಗಿಂತ ದಪ್ಪವಿದೆಯೇ ಎಂದು ನೋಡಿ, ಇದ್ದರೆ ಸಣ್ಣ ಪ್ಲಾಸ್ಟಿಕ್ ನಳಿಕೆಯಿಂದ ಹೊರರೋಗಿ ವಿಭಾಗದಲ್ಲೇ ಬಯಾಪ್ಸಿ ತೆಗೆಯಬಹುದು.

ಗಾಜಿನಪಟ್ಟಿ, ಬೆಳಗಾವಿ

ನಾನು ರೋಗಶಾಸ್ತ್ರ ಪ್ರಯೋಗಾಲಯದಲ್ಲಿ ಬಯಾಪ್ಸಿ ಪಟ್ಟಿಗಳನ್ನು ನೋಡುವವನು. ಈ ಚರ್ಚೆಯಲ್ಲಿ ಇನ್ನೂ ಬಾರದ ಒಂದು ಬದಲಾವಣೆ ಇದೆ, ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ.

2013ರವರೆಗೆ ನಾವು ಸೂಕ್ಷ್ಮದರ್ಶಕದಲ್ಲಿ ಕಂಡ ರೂಪದ ಮೇಲೆ ಮಾತ್ರ ಅಪಾಯವನ್ನು ಅಳೆಯುತ್ತಿದ್ದೆವು. ಆ ವರ್ಷ ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆ 373 ಗಡ್ಡೆಗಳ ವಂಶವಾಹಿಗಳನ್ನು ಓದಿ, ಈ ಕಾಯಿಲೆ ಅಸಲಿಗೆ ನಾಲ್ಕು ಬಗೆಯದು ಎಂದು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿತು. ಪೋಲ್ ಎಂಬ ಜೀನ್ ಕೆಟ್ಟ ಗಡ್ಡೆಗಳು ನೋಡಲು ಭಯಂಕರವಾಗಿರುತ್ತವೆ, ಗ್ರೇಡ್ 3 ಎಂದು ನಾನೇ ಬರೆದುಕೊಡುತ್ತೇನೆ, ಆದರೆ ಅವು ಮರುಕಳಿಸುವುದು ತೀರ ಅಪರೂಪ. ಪಿ53 ಎಂಬ ಜೀನ್ ಕೆಟ್ಟವು ಸಂಖ್ಯೆಯಲ್ಲಿ ಕಡಿಮೆ, ಸಾವಿನಲ್ಲಿ ಅವುಗಳ ಪಾಲು ದೊಡ್ಡದು. ಡಿಎನ್‌ಎ ತಪ್ಪುಗಳನ್ನು ತಿದ್ದುವ ಎಂಎಂಆರ್ ವ್ಯವಸ್ಥೆ ಕೆಟ್ಟವು ಸುಮಾರು ಕಾಲುಭಾಗ. ಉಳಿದವು ನಾಲ್ಕನೆಯ ಗುಂಪು.

ಇದು ಬರೀ ಪಾಂಡಿತ್ಯದ ವರ್ಗೀಕರಣವಲ್ಲ. ಅಪಾಯ ಹೆಚ್ಚಿರುವವರಿಗೆ ವಿಕಿರಣದ ಜೊತೆ ಕಿಮೊ ಸೇರಿಸಬೇಕೇ ಎಂದು ಕೇಳಿದ ಮೂರನೆಯ ಪೋರ್ಟೆಕ್ ಅಧ್ಯಯನದ ಗಡ್ಡೆಗಳನ್ನು ಈ ನಾಲ್ಕು ಬಗೆಗಳಾಗಿ ಮತ್ತೆ ವಿಂಗಡಿಸಿ 2020ರಲ್ಲಿ ಪ್ರಕಟಿಸಿದಾಗ, ಪಿ53 ಗುಂಪಿನಲ್ಲಿ ಕಿಮೊ ಸೇರಿಸಿದವರಲ್ಲಿ ಐದು ವರ್ಷ ಕಾಯಿಲೆ ಮರಳದೆ ಇದ್ದವರು ಶೇ. 59, ಸೇರಿಸದವರಲ್ಲಿ ಶೇ. 36 ಎಂದು ಕಂಡಿತು. ಪೋಲ್ ಗುಂಪಿನಲ್ಲಿ ಕಿಮೊ ಕೊಟ್ಟರೂ ಬಿಟ್ಟರೂ ಬಹುತೇಕ ಎಲ್ಲರೂ ಚೆನ್ನಾಗಿದ್ದರು. ಒಂದೇ ಹಂತ, ಒಂದೇ ಗ್ರೇಡ್, ಆದರೆ ಒಬ್ಬರಿಗೆ ಹೆಚ್ಚು ಚಿಕಿತ್ಸೆ ಬೇಕು, ಇನ್ನೊಬ್ಬರಿಗೆ ಕಡಿಮೆ ಸಾಕು. ಫಿಗೊ 2023ರಲ್ಲಿ ಈ ಪರೀಕ್ಷೆಗಳನ್ನು ಹಂತದ ವ್ಯಾಖ್ಯೆಯೊಳಗೇ ಸೇರಿಸಿತು. ಅಂದರೆ ಅಥಣಿಯವರು ಕೇಳಿದ ಪ್ರಶ್ನೆಗೆ ಇಂದಿನ ಉತ್ತರ ಎಲ್ಲರಿಗೂ ಕಡಿಮೆ ಎಂಬುದಲ್ಲ. ಕೆಲವರಿಗೆ ಈಗ ಹಿಂದಿಗಿಂತ ಬಹಳ ಹೆಚ್ಚು ಕೊಡುತ್ತಾರೆ.

ಪಿ53 ಮತ್ತು ಎಂಎಂಆರ್ ಪರೀಕ್ಷೆಗಳು ಬಣ್ಣ ಹಾಕಿ ನೋಡುವ ಐಎಚ್‌ಸಿ ವಿಧಾನದಲ್ಲಿ ಆಗುತ್ತವೆ, ದೊಡ್ಡ ಪ್ರಯೋಗಾಲಯಗಳಲ್ಲಿ ಲಭ್ಯ. ಪೋಲ್ ಪರೀಕ್ಷೆಗೆ ಜೀನ್ ಓದಿಸಬೇಕು, ಅದು ದುಬಾರಿ. ಗ್ರೇಡ್ 1ರ ಆರಂಭಿಕ ಕಾಯಿಲೆಗೆ ಸಾಮಾನ್ಯವಾಗಿ ಅದರ ಅಗತ್ಯ ಬೀಳುವುದಿಲ್ಲ.

ಎಂಎಂಆರ್ ಪರೀಕ್ಷೆಯನ್ನು ಮಾತ್ರ ಕೃಷ್ಣಾತೀರ ಅವರು ಕೇಳಿ ಮಾಡಿಸಬೇಕು, ಏಕೆಂದರೆ ಅತ್ತೆಯವರ ದೊಡ್ಡಮ್ಮನಿಗೂ ಇದೇ ಕಾಯಿಲೆ ಇತ್ತು ಎಂದು ಬರೆದಿದ್ದೀರಿ. 1895ರಲ್ಲಿ ಮಿಷಿಗನ್‌ನ ಆಲ್ಡ್ರೆಡ್ ವಾರ್ಥಿನ್ ಎಂಬ ರೋಗಶಾಸ್ತ್ರಜ್ಞನಿಗೆ ಅವನ ಮನೆಯ ಬಟ್ಟೆ ಹೊಲಿಯುತ್ತಿದ್ದ ಮಹಿಳೆ, ತನ್ನ ಮನೆತನದವರೆಲ್ಲ ಹಾಗೆಯೇ ಸತ್ತಿದ್ದಾರೆ, ತಾನೂ ಕ್ಯಾನ್ಸರ್‌ನಿಂದಲೇ ಸಾಯುವೆ ಎಂದು ಹೇಳಿದ್ದಳು. ಅವಳು ಗರ್ಭಕೋಶದ ಕ್ಯಾನ್ಸರ್‌ನಿಂದಲೇ ಸತ್ತಳು. ವಾರ್ಥಿನ್ ಆ ಮನೆತನದ ವೃತ್ತಾಂತವನ್ನು 1913ರಲ್ಲಿ ಪ್ರಕಟಿಸಿದ. ಎಂಎಂಆರ್ ದೋಷ ವಂಶದಲ್ಲೇ ಹರಿದುಬಂದು ಗರ್ಭಕೋಶ, ದೊಡ್ಡಕರುಳುಗಳ ಕ್ಯಾನ್ಸರ್ ತರುವ, ಇಂದು ಲಿಂಚ್ ಸಿಂಡ್ರೋಮ್ ಎನ್ನುವ ಆನುವಂಶಿಕ ಸ್ಥಿತಿಯ ಮೊದಲ ದಾಖಲೆಗಳಲ್ಲಿ ಅದೊಂದು. ಎಂಎಂಆರ್ ಕೆಟ್ಟಿದ್ದರೆ ಎಲ್ಲರಿಗೂ ಲಿಂಚ್ ಇರುತ್ತದೆ ಎಂದಲ್ಲ, ಹೆಚ್ಚಿನವರಲ್ಲಿ ಇರುವುದಿಲ್ಲ. ಇದ್ದರೆ ಮಾತ್ರ ಮನೆಯ ಗಂಡಸರೂ ಹೆಂಗಸರೂ ದೊಡ್ಡಕರುಳಿನ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ, ಅತ್ತೆಯವರ ಮಗ, ಅಂದರೆ ನಿಮ್ಮ ಯಜಮಾನರೂ ಸೇರಿ.

ಅಥಣಿಯವ

ಕಾಯಿಲೆ ಹರಡಿದ ಮೇಲೆ ಏನು ಮಾಡುತ್ತಾರೆ? ನಮ್ಮ ಸಂಬಂಧಿಕರೊಬ್ಬರು ಆ ಸ್ಥಿತಿಯಲ್ಲಿದ್ದಾರೆ, ಅದಕ್ಕೇ ನಾನು ಇಷ್ಟು ಕೆದಕುತ್ತಿರುವುದು.

ಗಾಜಿನಪಟ್ಟಿ, ಬೆಳಗಾವಿ

ಕಾರ್ಬೊಪ್ಲಾಟಿನ್ ಮತ್ತು ಪ್ಯಾಕ್ಲಿಟಾಕ್ಸೆಲ್ ಎಂಬ ಎರಡು ಔಷಧಗಳ ಕಿಮೊ ಈಗಲೂ ಬುನಾದಿ. ಅದಕ್ಕೂ ಮೊದಲು ಬಳಸುತ್ತಿದ್ದ ಮೂರು ಔಷಧಗಳ ಕಠಿಣ ಕಿಮೊಗಿಂತ ಇದು ಕಡಿಮೆಯೇನಲ್ಲ, ತಡೆದುಕೊಳ್ಳಲು ಸುಲಭ ಎಂದು ಸಾಬೀತಾಗಿದೆ. ಹೊಸದೆಂದರೆ ಇಮ್ಯುನೊಥೆರಪಿ. ಎಂಎಂಆರ್ ಕೆಟ್ಟ ಗಡ್ಡೆಗಳಲ್ಲಿ ತಪ್ಪುಗಳು ಬಹಳ ಇರುವುದರಿಂದ ದೇಹದ ರಕ್ಷಣಾ ವ್ಯವಸ್ಥೆ ಅವನ್ನು ಪರಕೀಯವೆಂದು ಗುರುತಿಸಬಲ್ಲದು; ಗಡ್ಡೆ ಅದಕ್ಕೆ ಹಾಕಿರುವ ತಡೆಯನ್ನು ಈ ಔಷಧಗಳು ತೆಗೆಯುತ್ತವೆ. 2023ರಲ್ಲಿ ಬಂದ ರೂಬಿ ಅಧ್ಯಯನದಲ್ಲಿ, ಇಂಥ ಗಡ್ಡೆ ಇದ್ದವರಿಗೆ ಕಿಮೊ ಜೊತೆ ಡೊಸ್ಟಾರ್ಲಿಮಾಬ್ ಕೊಟ್ಟಾಗ ಎರಡು ವರ್ಷವಾದರೂ ಕಾಯಿಲೆ ಮುಂದುವರಿಯದೆ ಇದ್ದವರು ಶೇ. 61; ಬರೀ ಕಿಮೊ ಪಡೆದವರಲ್ಲಿ ಶೇ. 16. ಅದೇ ವರ್ಷ ಪೆಂಬ್ರೊಲಿಜುಮಾಬ್ ಔಷಧಕ್ಕೂ ಇದೇ ದಿಕ್ಕಿನ ಫಲಿತಾಂಶ ಬಂತು. ಎಂಎಂಆರ್ ಸರಿಯಿರುವವರಲ್ಲಿ ಲಾಭ ಕಡಿಮೆ. ಆದ್ದರಿಂದ ಮೊದಲು ಆ ಪರೀಕ್ಷೆ ಆಗಿದೆಯೇ ನೋಡಿ.

ಬೆಲೆಯ ಮಾತನ್ನು ಮರೆಮಾಚಲಾರೆ. ಈ ಔಷಧಗಳ ಖರ್ಚು ಲಕ್ಷಗಳಲ್ಲಿ ಹೋಗುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಮಿತಿ ಇದ್ದು, ಶಸ್ತ್ರಚಿಕಿತ್ಸೆ, ವಿಕಿರಣ, ಸಾಮಾನ್ಯ ಕಿಮೊಗಳಿಗೆ ಅದು ನಿಜವಾದ ಆಸರೆ, ಇಮ್ಯುನೊಥೆರಪಿಗೆ ಸಾಲದು. ಬೆಂಗಳೂರಿನ ಕಿದ್ವಾಯಿ ಅಥವಾ ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ಸಂಶೋಧನಾ ಪ್ರಯೋಗ ನಡೆಯುತ್ತಿದೆಯೇ, ಔಷಧ ಕಂಪನಿಯ ನೆರವಿನ ಯೋಜನೆ ಇದೆಯೇ ಎಂದು ನಿಮ್ಮ ವೈದ್ಯರ ಮೂಲಕ ವಿಚಾರಿಸಿ.

ಕಿರಣಶಾಲೆ, ಬೆಳಗಾವಿ

ಇನ್ನೊಂದು ಬದಲಾವಣೆಯೂ ನಮ್ಮ ಭಾಗಕ್ಕೆ ಮುಖ್ಯವೇ. ಅಥಣಿ, ಚಿಕ್ಕೋಡಿ ಕಡೆಯವರು ಮಿರಜಿಗೂ, ಉಳಿದವರು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೂ ಬೆಂಗಳೂರಿಗೂ ಹೋಗುವ ಕಾಲವಿತ್ತು. 2025ರ ಜನವರಿಯಲ್ಲಿ ಬೆಳಗಾವಿಯ ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಉದ್ಘಾಟಿಸಿದರು. ಐದು ವಾರ ದಿನವೂ ಬರಬೇಕಾದ ರೋಗಿಗೆ ಆಸ್ಪತ್ರೆ ಹತ್ತಿರವಿದೆಯೇ ಇಲ್ಲವೇ ಎಂಬುದರ ಮೇಲೆ ಚಿಕಿತ್ಸೆ ಪೂರ್ತಿಯಾಗುವುದೂ ಅರ್ಧಕ್ಕೆ ನಿಲ್ಲುವುದೂ ನಿಂತಿರುತ್ತದೆ.

ಕೃಷ್ಣಾತೀರ, ಜಮಖಂಡಿ

ಎಲ್ಲರ ಉತ್ತರಗಳನ್ನು ಮಾವನವರಿಗೆ ಓದಿ ಹೇಳಿದೆ. ಪೋರ್ಟೆಕ್ ಅಂಕಿಗಳಿಗಿಂತ ಸವದತ್ತಿಯ ಅಕ್ಕನವರ ಮಾತು ಅವರಿಗೆ ಹೆಚ್ಚು ತಟ್ಟಿತು. ಶಸ್ತ್ರಚಿಕಿತ್ಸೆಗೆ ಒಪ್ಪಿದ್ದಾರೆ, ಆದರೆ ಅಂತಿಮ ವರದಿ ಬಂದ ಮೇಲೆ ಇನ್ನೊಬ್ಬ ತಜ್ಞರಿಗೆ ತೋರಿಸಲೇಬೇಕು ಎಂಬ ಷರತ್ತು ಹಾಕಿದ್ದಾರೆ. ಅದಕ್ಕಾಗಿ ಏನನ್ನು ಇಟ್ಟುಕೊಂಡಿರಬೇಕು?

ನಿವೃತ್ತ ಸ್ತ್ರೀರೋಗತಜ್ಞೆ, ವಿಜಯಪುರ

ಷರತ್ತು ನ್ಯಾಯವಾದದ್ದೇ. ಶಸ್ತ್ರಚಿಕಿತ್ಸೆಗೆ ಮೊದಲು ಸಕ್ಕರೆ, ಬಿಪಿ ಹತೋಟಿಗೆ ಬರಲಿ. ಆಮೇಲೂ ಅವನ್ನು ಬಿಡಬಾರದು, ಏಕೆಂದರೆ ಆರಂಭಿಕ ಹಂತದಲ್ಲಿ ಗುಣವಾದವರು ಮುಂದೆ ತೀರಿಕೊಳ್ಳುವುದು ಈ ಕ್ಯಾನ್ಸರ್‌ನಿಂದ ಎನ್ನುವುದಕ್ಕಿಂತ ಹೃದಯದ ಕಾಯಿಲೆಯಿಂದಲೇ ಹೆಚ್ಚು. ಯೋನಿಯಿಂದ ಮತ್ತೆ ರಕ್ತ ಕಂಡರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಕೂಡಲೇ ಹೋಗಬೇಕು.

ಗಾಜಿನಪಟ್ಟಿ, ಬೆಳಗಾವಿ

ವರದಿಯ ಕಾಗದವೊಂದೇ ಸಾಲದು. ಗಾಜಿನ ಪಟ್ಟಿಗಳನ್ನೂ ಮೇಣದ ಅಚ್ಚುಗಳನ್ನೂ, ಅಂದರೆ ಪ್ಯಾರಾಫಿನ್ ಬ್ಲಾಕ್‌ಗಳನ್ನೂ, ಪ್ರಯೋಗಾಲಯಕ್ಕೆ ಲಿಖಿತವಾಗಿ ಕೇಳಿ ಪಡೆಯಿರಿ. ಹೊಸ ಬಣ್ಣದ ಪರೀಕ್ಷೆಗಳನ್ನು ಮಾಡಲು ಬ್ಲಾಕ್ ಬೇಕೇ ಬೇಕು. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಮೇಣ ಕರಗುತ್ತದೆ. ವರದಿಯಲ್ಲಿ ಗಡ್ಡೆಯ ಬಗೆ, ಗ್ರೇಡ್, ಸ್ನಾಯುವಿಗೆ ಇಳಿದ ಆಳ, ರಕ್ತನಾಳ ಮತ್ತು ದುಗ್ಧನಾಳಗಳಲ್ಲಿ ಕಣಗಳಿವೆಯೇ, ಗರ್ಭಕಂಠಕ್ಕೆ ಇಳಿದಿದೆಯೇ, ಗ್ರಂಥಿಗಳ ಸ್ಥಿತಿ, ಪಿ53, ಎಂಎಂಆರ್, ಇವೆಲ್ಲ ಇವೆಯೇ ಎಂದು ಆಸ್ಪತ್ರೆಯಿಂದ ಬಿಡುಗಡೆಯಾಗುವಾಗಲೇ ನೋಡಿಕೊಳ್ಳಿ. ಒಂದು ಬಿಟ್ಟುಹೋಗಿದ್ದರೂ ಅದೇ ಬ್ಲಾಕಿನಿಂದ ಮಾಡಿಕೊಡಲು ಕೇಳಬಹುದು.